ಗುಳ್ಳಕಾಯಜ್ಜಿಗೆ ಕುರ್ಚಿ ಇಲ್ಲದ ಸನ್ಮಾನ ಸಭೆ

ಮುಂಬಯಿಯಾಗಲಿ ಪುಣೆಯಾಗಲಿ, ಚೆನ್ನೈಯಾಗಲಿ ಹೈದರಾಬಾದಾಗಲಿ, ಹೊರನಾಡಿನ ಕನ್ನಡ ಜೈನ ಸಂಘಗಳ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭಕ್ಕೆ ಒಂದು ಸಿದ್ಧ ಅಚ್ಚು ಇದೆ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆಂದು ಆಮಂತ್ರಣ ಪತ್ರಿಕೆಯಲ್ಲಿ ಕಾಣಿಸಿದ ಕಾರ್ಯಕ್ರಮ ಮೂರಕ್ಕೆ ಣಮೋಕಾರ ಮಂತ್ರದೊಂದಿಗೆ ಆರಂಭವಾಗುತ್ತದೆ. ಸ್ವಾಗತ, ಪ್ರಾಸ್ತಾವಿಕ, ದೀಪ ಪ್ರಜ್ವಲನ. ಅನಂತರ ಮಹಾದಾನಿಗಳಿಗೆ ಸನ್ಮಾನ, ದಾನಿಗಳಿಗೆ ಸನ್ಮಾನ, ದಾನಿಗಳನ್ನು ಪರಿಚಯಿಸಿದವರಿಗೆ ಸನ್ಮಾನ. ಮುಖ್ಯ ಅತಿಥಿಗಳು ತಡವಾಗಿ ಬಂದು ಬೇಗ ಹೊರಡಬೇಕಾದುದರಿಂದ ಅವರ ಭಾಷಣ ನಡುವೆಯೇ ನುಗ್ಗುತ್ತದೆ. ಐದೂಕಾಲಕ್ಕೆ ಅಡುಗೆಯವರು ಸಭಾಂಗಣದ ಬಾಗಿಲಲ್ಲಿ ನಿಂತು ಕಾರ್ಯದರ್ಶಿಗಳಿಗೆ ಸನ್ನೆ ಮಾಡುತ್ತಾರೆ, ಏಕೆಂದರೆ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕು. ಆಗ ನಿರೂಪಕರಿಗೆ ನೆನಪಾಗುವುದು ಮಕ್ಕಳ ಪಟ್ಟಿ. ಐವತ್ತು ಹೆಸರುಗಳನ್ನು ರೈಲು ನಿಲ್ದಾಣದ ಪ್ರಕಟಣೆಯಂತೆ ಓದಿ, ಹತ್ತು ಹತ್ತು ಮಕ್ಕಳನ್ನು ಒಟ್ಟಿಗೆ ಸಾಲಾಗಿ ನಿಲ್ಲಿಸಿ, ಒಂದೊಂದು ಲಕೋಟೆ ಕೊಟ್ಟು, ಒಂದು ಭಾವಚಿತ್ರ ತೆಗೆದು, ಇಪ್ಪತ್ತು ನಿಮಿಷದಲ್ಲಿ ಪ್ರತಿಭೆಗೆ ಪುರಸ್ಕಾರ ಮುಗಿಯುತ್ತದೆ.

ಯಾರ ಹೆಸರಿನಲ್ಲಿ ಸಭೆ ಕರೆಯಲಾಯಿತೋ ಅವರಿಗೆ ಆ ಸಭೆಯಲ್ಲಿ ದೊರೆತದ್ದು ಇಪ್ಪತ್ತು ನಿಮಿಷ. ಉಳಿದ ಎರಡು ಗಂಟೆ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಎತ್ತುವುದು ಸಭ್ಯತೆಯೂ ಅಲ್ಲವೆಂಬ ಭಾವನೆ ಬೇರೂರಿದೆ. ಇಲ್ಲಿ ಆಕ್ಷೇಪ ಇರುವುದು ಸನ್ಮಾನದ ಬಗ್ಗೆ ಅಲ್ಲ. ಸದಸ್ಯರೊಬ್ಬರ ಸಾಧನೆಗೆ ಸಂತೋಷಪಡದ ಸಮಾಜ ಸಮಾಜವೇ ಅಲ್ಲ. ಸನ್ಮಾನಕ್ಕೆ ಮೊದಲು ನಡೆಯಬೇಕಾದ ಕೆಲಸ ನಡೆಯುತ್ತಿಲ್ಲ ಎಂಬುದೇ ಆಕ್ಷೇಪ. ಆ ಕೆಲಸದ ಹೆಸರು ಹುಡುಕುವುದು. ಹಣ ಕೊಟ್ಟವನು ತಾನಾಗಿ ಕಾಣುತ್ತಾನೆ. ಅಂಕಪಟ್ಟಿ ತಂದವನು ತಾನಾಗಿ ಅರ್ಜಿ ಸಲ್ಲಿಸುತ್ತಾನೆ. ಇವರಿಬ್ಬರನ್ನು ಗುರುತಿಸಲು ಸಂಘವೂ ಬೇಡ, ಸಮಿತಿಯೂ ಬೇಡ. ತಾನಾಗಿ ಕಾಣದವರನ್ನು ಕಾಣುವುದಕ್ಕೆ ಮಾತ್ರ ಸಮಾಜವೊಂದು ಬೇಕಾಗುತ್ತದೆ, ಮತ್ತು ಅದೊಂದನ್ನೇ ಈ ಸಮಾರಂಭಗಳು ಮಾಡುತ್ತಿಲ್ಲ.

ಬಾಗಿಲಲ್ಲಿ ನಿಂತ ಅಜ್ಜಿ

ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತಿದ ಪ್ರತಿಯೊಬ್ಬ ಶ್ರಾವಕನೂ ಗುಳ್ಳಕಾಯಜ್ಜಿಯ ಮೂರ್ತಿಯನ್ನು ಕಂಡಿದ್ದಾನೆ, ಅವಳ ಕತೆಯನ್ನು ಮಕ್ಕಳಿಗೆ ಹೇಳಿದ್ದಾನೆ. ಕ್ರಿ.ಶ. 981ರ ಸುಮಾರಿಗೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ತೊಡೆಯಿಂದ ಕೆಳಗಿಳಿಯಲಿಲ್ಲ. ಗುಂಪಿನ ಹಿಂದೆ ಗುಳ್ಳಕಾಯಿಯ ಓಡಿನಲ್ಲಿ ತುಸು ಹಾಲು ಹಿಡಿದು ನಿಂತಿದ್ದ ಮುದುಕಿಯ ಹಾಲು ಮೂರ್ತಿಯ ಮುಡಿಯಿಂದ ಅಡಿಯವರೆಗೂ ಹರಿದು ಬೆಟ್ಟವನ್ನೆಲ್ಲ ತೋಯಿಸಿತು. ಕತೆ ಐತಿಹ್ಯವಿರಬಹುದು. ಆದರೆ ಆ ಐತಿಹ್ಯವನ್ನು ಕಟ್ಟಿದ ಹಿರಿಯರು ತಮ್ಮ ಮಹಾದಾನಿಯ ಅಹಂಕಾರವನ್ನು ಅವನದೇ ಮೂರ್ತಿಯ ಎದುರಿನಲ್ಲಿ ಮುರಿದಿಟ್ಟರು ಮತ್ತು ಆ ಅಜ್ಜಿಯನ್ನು ಕಲ್ಲಿನಲ್ಲಿ ಕಡೆದು ಅಲ್ಲಿಯೇ ನಿಲ್ಲಿಸಿದರು. ಇಂಥ ಧೈರ್ಯ ತೋರಿದ ಪರಂಪರೆ ಜಗತ್ತಿನಲ್ಲಿ ವಿರಳ.

ಕತೆಯಲ್ಲಿ ಸುಲಭವಾಗಿ ಮರೆತುಹೋಗುವ ಒಂದು ಅಂಶವಿದೆ. ಅಜ್ಜಿ ತಾನಾಗಿ ಮುಂದೆ ಬಂದು ಸ್ಥಾನ ಕೇಳಿಕೊಂಡವಳಲ್ಲ. ಹಿಂದೆ ನಿಂತಿದ್ದ ಅವಳನ್ನು ಯಾರೋ ಕಂಡರು, ಮುಂದಕ್ಕೆ ಬರಲು ದಾರಿ ಬಿಟ್ಟರು. ಅಂದು ಆ ದಾರಿ ಬಿಡದಿದ್ದರೆ ಅಭಿಷೇಕ ಅರ್ಧಕ್ಕೇ ನಿಲ್ಲುತ್ತಿತ್ತು. ಇಂದು ಪ್ರಥಮ ಕಲಶ ಯಾರದೆಂಬುದು ಸವಾಲಿನಲ್ಲಿ ತೀರ್ಮಾನವಾಗುತ್ತದೆ. ಪೂಜೆಯ ಸವಾಲಿಗೆ ಅದರದೇ ಸಮರ್ಥನೆಗಳಿವೆ. ಬಸದಿಯ ಜೀರ್ಣೋದ್ಧಾರಕ್ಕೆ ಹಣ ಬೇಕು, ತ್ಯಾಗಿಗಳ ಆಹಾರ ವಿಹಾರಕ್ಕೆ ವ್ಯವಸ್ಥೆ ಬೇಕು. ಆದರೆ ಸವಾಲಿನ ಬುದ್ಧಿ ಬಸದಿಯ ಹೊಸ್ತಿಲು ದಾಟಿ ಸಭಾಂಗಣಕ್ಕೂ ಬಂದಾಗ, ವೇದಿಕೆಯ ಕುರ್ಚಿಗಳ ಸಾಲು ದೇಣಿಗೆಯ ಮೊತ್ತದ ಇಳಿಕೆಯ ಕ್ರಮದಲ್ಲಿ ಸಿದ್ಧವಾದಾಗ, ಗುಳ್ಳಕಾಯಜ್ಜಿಗೆ ಅಲ್ಲಿ ಕುರ್ಚಿ ಉಳಿಯುವುದಿಲ್ಲ. ಅವಳು ಮತ್ತೆ ಬಾಗಿಲ ಬಳಿಯೇ ನಿಲ್ಲುತ್ತಾಳೆ.

ಶಾಸ್ತ್ರ ಹೇಳುವುದೇನು

ಹೊಗಳಿಕೆಯಿಂದ ಮಾನಕಷಾಯ ಬೆಳೆಯುತ್ತದೆ, ಆದ್ದರಿಂದ ಇಂಥ ಚರ್ಚೆಯೇ ವ್ಯರ್ಥ ಎನ್ನುವ ವೈರಾಗ್ಯಶೀಲರೂ ಸಮಾಜದಲ್ಲಿದ್ದಾರೆ. ಅವರ ಆತಂಕ ನಿಜವಾದದ್ದು. ಸಮಂತಭದ್ರಾಚಾರ್ಯರು ಎಂಟು ಮದಗಳನ್ನು ಎಣಿಸುವಾಗ ಜ್ಞಾನ ಮತ್ತು ಸಂಪತ್ತುಗಳ ಮದದೊಂದಿಗೆ ಪೂಜೆಯ, ಅಂದರೆ ಜನರಿಂದ ದೊರೆಯುವ ಗೌರವದ ಮದವನ್ನೂ ಸೇರಿಸಿದ್ದಾರೆ. ಆದರೆ ಅದೇ ಶಾಸ್ತ್ರ ಪರಂಪರೆ ಇನ್ನೊಬ್ಬರ ಗುಣವನ್ನು ಕಂಡು ಸಂತೋಷಪಡುವುದನ್ನು ಧರ್ಮವೆಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುವಾಗ, ಗುಣದಲ್ಲಿ ಹೆಚ್ಚಿನವರ ವಿಷಯದಲ್ಲಿ ಪ್ರಮೋದವಿರಬೇಕೆನ್ನುತ್ತದೆ. ಗುಣದಲ್ಲಿ ಹೆಚ್ಚಿನವರು ಎಂದಿದೆಯೇ ಹೊರತು ಧನದಲ್ಲಿ ಹೆಚ್ಚಿನವರು ಎಂದಿಲ್ಲ.

ಅದೇ ಗ್ರಂಥದ ಆರನೆಯ ಅಧ್ಯಾಯ ಇನ್ನೂ ಕಠಿಣವಾಗಿದೆ. ಪರರನ್ನು ನಿಂದಿಸುವುದು, ತನ್ನನ್ನು ತಾನೇ ಪ್ರಶಂಸಿಸಿಕೊಳ್ಳುವುದು, ಪರರಲ್ಲಿ ಇರುವ ಗುಣವನ್ನು ಮುಚ್ಚುವುದು, ಇಲ್ಲದ ಗುಣವನ್ನು ಪ್ರಕಟಿಸುವುದು, ಇವು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆನ್ನುತ್ತದೆ. ಈ ಮಾನದಂಡವನ್ನು ಹಿಡಿದು ಯಾವುದೇ ಸನ್ಮಾನ ಪತ್ರವನ್ನು ಓದಬಹುದು. ನಿವೇಶನಗಳ ವ್ಯಾಪಾರಿಯೊಬ್ಬರಿಗೆ ‘ಧರ್ಮದಿವಾಕರ’ ಎಂಬ ಬಿರುದು ಕೊಟ್ಟಾಗ ಇಲ್ಲದ ಗುಣದ ಪ್ರಕಟಣೆಯಾಗುತ್ತದೆ. ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತ, ಇಪ್ಪತ್ತು ವರ್ಷದಿಂದ ಪಾಠಶಾಲೆಯಲ್ಲಿ ಮಕ್ಕಳಿಗೆ ಕನ್ನಡವನ್ನೂ ಸ್ತೋತ್ರಗಳನ್ನೂ ಸಂಭಾವನೆಯಿಲ್ಲದೆ ಕಲಿಸಿದ ಶ್ರಾವಿಕೆಯ ಹೆಸರು ಎಲ್ಲಿಯೂ ಬಾರದಿದ್ದಾಗ ಇರುವ ಗುಣವನ್ನು ಮುಚ್ಚಿದಂತಾಗುತ್ತದೆ. ಒಂದೇ ಸಂಜೆಯಲ್ಲಿ ಎರಡೂ ದೋಷಗಳನ್ನು ಸಂಪಾದಿಸಿ, ಮಂಗಲ ಪಠಣದೊಂದಿಗೆ ಸಭೆ ಮುಗಿಯುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಬೃಂಹಣ ಮತ್ತು ಸ್ಥಿತಿಕರಣ ಎಂಬ ಎರಡು ಅಂಗಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಗುಣವನ್ನು ಬೆಳೆಸುವುದು ಮೊದಲನೆಯದು. ದಾರಿಯಿಂದ ಜಾರುತ್ತಿರುವವನನ್ನು ಮತ್ತೆ ನಿಲ್ಲಿಸುವುದು ಎರಡನೆಯದು. ಗೆದ್ದವನ ಕೊರಳಿಗೆ ಹಾರ ಹಾಕುವುದು ಇವೆರಡರಲ್ಲಿ ಯಾವುದೂ ಅಲ್ಲ. ಹಾರ ಬಾಡಿದ ಮೇಲೆ ಅವನ ಗುಣ ಬೆಳೆಯಿತೇ, ಸೋತು ಮನೆಯಲ್ಲಿ ಕುಳಿತವನನ್ನು ಯಾರಾದರೂ ಹೋಗಿ ಎಬ್ಬಿಸಿದರೇ ಎಂಬುದರಲ್ಲಿ ಆ ಅಂಗಗಳ ಪಾಲನೆಯಿದೆ.

ಬಳೆಗಾರನ ಮಗ, ಮೆಟ್ರಿಕ್ ದಾಟದ ಹುಡುಗ

ಹಿಂದಿನವರು ಪ್ರತಿಭೆಯನ್ನು ಗುರುತಿಸಿದ ಬಗೆಯನ್ನು ನೋಡಬೇಕಾದರೆ ರನ್ನನ ಜೀವನವನ್ನು ನೋಡಬೇಕು. ಅವನು ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯ ಹುಡುಗ. ಮನೆತನದ ಕಸುಬು ಬಿಟ್ಟು ವಿದ್ಯೆ ಹುಡುಕುತ್ತ ಹೊರಟ ಅವನಿಗೆ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಶ್ರಯವಾದ. ಮುಂದೆ ಅತ್ತಿಮಬ್ಬೆಯ ಪೋಷಣೆಯಲ್ಲಿ ಅವನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ಕವಿಚಕ್ರವರ್ತಿ ಎಂಬ ಬಿರುದು ಚಾಲುಕ್ಯರ ಆಸ್ಥಾನದಲ್ಲಿ ದೊರೆತದ್ದು ಕಲಿಸುವವರು, ಊಟ ಹಾಕುವವರು, ಓಲೆಗರಿ ಒದಗಿಸುವವರು ತಮ್ಮ ಕೆಲಸ ಮಾಡಿದ ಮೇಲೆ. ಮೊದಲು ಗುರುತು, ಅನಂತರ ಶಿಕ್ಷಣ, ಅನಂತರ ಪೋಷಣೆ, ಕಡೆಗೆ ಸನ್ಮಾನ: ಇದು ಆ ಕಾಲದ ಕ್ರಮ. ಇಂದಿನ ಕ್ರಮದಲ್ಲಿ ಮೊದಲ ಮೂರು ಮೆಟ್ಟಿಲುಗಳೂ ತಂದೆತಾಯಿಯ ಖರ್ಚು. ಕಡೆಯ ಮೆಟ್ಟಿಲಲ್ಲಿ ಮಾತ್ರ ಸಮಾಜ ಶಾಲು ಹಿಡಿದು ನಿಂತಿರುತ್ತದೆ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತನ್ನ ಖರ್ಚಿನಲ್ಲಿ ಬರೆಸಿ ಹಂಚಿದ್ದನ್ನು ಪ್ರತಿಯೊಂದು ಸಭೆಯಲ್ಲಿಯೂ ಕೊಂಡಾಡಲಾಗುತ್ತದೆ. ಅವಳಿಗೆ ದೊರೆತ ದಾನಚಿಂತಾಮಣಿ ಎಂಬ ಹೆಸರು ದಾನದ ಮೊತ್ತಕ್ಕೆ ಬಂದದ್ದಲ್ಲ. ಅಳಿದುಹೋಗಬಹುದಾದ ಒಂದು ಕೃತಿಯ ಬೆಲೆಯನ್ನು ಉಳಿದವರಿಗಿಂತ ಮೊದಲು ಕಂಡದ್ದಕ್ಕೆ, ಬಳೆಗಾರನ ಮಗನಲ್ಲಿ ಮಹಾಕವಿಯನ್ನು ಕಂಡದ್ದಕ್ಕೆ ಬಂದದ್ದು. ಅವಳ ದಾನಕ್ಕಿಂತ ಅವಳ ಕಣ್ಣು ದೊಡ್ಡದು.

ಸಾವಿರ ವರ್ಷದ ಹಿಂದಿನ ಮಾತು ದೂರವೆನಿಸಿದರೆ ಹತ್ತಿರದ ಉದಾಹರಣೆಗಳಿಗೂ ಕೊರತೆಯಿಲ್ಲ. 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಮತ್ತು ಅದರ ಸುತ್ತ ಬೆಳೆದ ವಸತಿಗೃಹಗಳ ಚಳವಳಿ ಸನ್ಮಾನ ಸಭೆಗಳಿಂದ ಆರಂಭವಾಗಲಿಲ್ಲ. ಹಳ್ಳಿಯ ರೈತನ ಮಗನಿಗೆ ಪಟ್ಟಣದಲ್ಲಿ ಉಳಿದು ಓದಲು ಒಂದು ಕೋಣೆ, ಎರಡು ಹೊತ್ತಿನ ಊಟ ಒದಗಿಸುವ ಸಂಕಲ್ಪದಿಂದ ಬೆಳೆಯಿತು. ಚಿಕ್ಕೋಡಿ ತಾಲ್ಲೂಕಿನ ಸದಲಗೆಯ ಉಪಾಧ್ಯೆ ಮನೆತನದಲ್ಲಿ 1906ರಲ್ಲಿ ಹುಟ್ಟಿದ ಬಾಲಕನೊಬ್ಬ ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ, ಪ್ರವಚನಸಾರದಂಥ ಗ್ರಂಥಗಳನ್ನು ಸಂಪಾದಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಡಾ. ಆ.ನೇ. ಉಪಾಧ್ಯೆಯವರಾದದ್ದು ಇಂಥ ವಾತಾವರಣದಲ್ಲಿ. ಕನ್ನಡ ನಾಡಿನ ಗಡಿಯಾಚೆ ಬದುಕಿದ ಕನ್ನಡ ಜೈನನಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ.

ಅದೇ ಪ್ರದೇಶದ ಇತಿಹಾಸದಲ್ಲಿ ಸಮಾಜದ ಕಣ್ಣು ತಪ್ಪಿದ ಪ್ರಸಂಗವೂ ಇದೆ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವುರಾವ್ ಪಾಟೀಲರ ಪೂರ್ವಿಕರು ಮೂಡುಬಿದಿರೆಯ ಕಡೆಯವರು. ಕೊಲ್ಲಾಪುರದ ಜೈನ ವಸತಿಗೃಹದಲ್ಲಿ ಓದುತ್ತಿದ್ದಾಗ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದರು. ಹಿಂದಿರುಗಿ ಸ್ನಾನ ಮಾಡಲು ಒಪ್ಪಲಿಲ್ಲ. ಆ ಕಾರಣಕ್ಕೆ ಅವರನ್ನು ಹೊರಹಾಕಲಾಯಿತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮೆಟ್ರಿಕ್ ದಾಟದ ಆ ಹುಡುಗ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಬಡ ಮಕ್ಕಳನ್ನು ಒಂದೇ ಸೂರಿನಡಿ ಕೂರಿಸಿ ಓದಿಸಿ, ಕರ್ಮವೀರರೆನಿಸಿ, 1959ರಲ್ಲಿ ಪದ್ಮಭೂಷಣರಾದರು. ಇಂದು ಅವರ ಭಾವಚಿತ್ರ ಸಂಘಗಳ ಗೋಡೆಗಳಲ್ಲಿ ತೂಗುತ್ತದೆ. ಆದರೆ ಇಂದು ಅವರು ಹದಿನಾರು ವರ್ಷದವರಾಗಿದ್ದರೆ ಅದೇ ಸಂಘದ ಪ್ರತಿಭಾ ಪುರಸ್ಕಾರಕ್ಕೆ ಅರ್ಹರಾಗುತ್ತಿರಲಿಲ್ಲ. ‘ಶೇಕಡಾ 90ಕ್ಕಿಂತ ಹೆಚ್ಚು ಅಂಕ ಪಡೆದವರು ಮಾತ್ರ ಅರ್ಜಿ ಸಲ್ಲಿಸತಕ್ಕದ್ದು’ ಎಂಬ ಸಾಲಿನ ಕೆಳಗೆ ಎಷ್ಟು ಭಾವುರಾವ್‌ಗಳು ಉಳಿದುಹೋಗುತ್ತಿದ್ದಾರೆ ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ.

ಶೇಕಡಾ ತೊಂಬತ್ತರ ಗೆರೆ

ಅಂಕ ವಸ್ತುನಿಷ್ಠ ಅಳತೆ, ಅದರಲ್ಲಿ ಪಕ್ಷಪಾತವಿಲ್ಲ ಎಂಬುದು ಪದಾಧಿಕಾರಿಗಳ ಸಾಮಾನ್ಯ ಉತ್ತರ. ಅಂಕಪಟ್ಟಿಯಲ್ಲಿ ಮಗುವಿನ ಶ್ರಮ ಇರುತ್ತದೆ, ನಿಜ. ಅದರೊಂದಿಗೆ ಕೋಚಿಂಗ್ ತರಗತಿಯ ಶುಲ್ಕ, ಪ್ರತ್ಯೇಕ ಓದುವ ಕೋಣೆ, ಮನೆಯಲ್ಲಿ ಇಂಗ್ಲಿಷ್ ಬಲ್ಲ ತಾಯಿ, ಇವೂ ಅಂಕಗಳಾಗಿಯೇ ಜಮೆಯಾಗಿರುತ್ತವೆ. ಅಥಣಿಯ ಕಡೆಯಿಂದ ಪುಣೆಗೆ ಬಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತ ಡಿಪ್ಲೊಮಾ ಮುಗಿಸಿದ ಯುವಕನ ಶೇಕಡಾ 62ರ ಹಿಂದೆ ಅಂಥ ಯಾವ ಜಮೆಯೂ ಇಲ್ಲ. ಎರಡೂ ಸಂಖ್ಯೆಗಳನ್ನು ಒಂದೇ ಕಾಲಮಿನಲ್ಲಿ ಬರೆದು ಹೋಲಿಸುವುದು ಬಂಡವಾಳವನ್ನೂ ಲಾಭವನ್ನೂ ಕೂಡಿ ಒಂದೇ ಮೊತ್ತ ತೋರಿಸಿದಂತೆ. ಯಾವ ಲೆಕ್ಕಪರಿಶೋಧಕನೂ ಅಂಥ ಪತ್ರಕ್ಕೆ ಸಹಿ ಹಾಕುವುದಿಲ್ಲ.

ಈ ಗೆರೆಯ ಕೆಳಗೆ ಉಳಿದವರ ಪಟ್ಟಿ ಉದ್ದವಾಗಿದೆ. ಸಿ.ಎ. ಅಂತಿಮ ಪರೀಕ್ಷೆಯಲ್ಲಿ ನಾಲ್ಕು ಬಾರಿ ಸೋತು ಐದನೆಯ ಬಾರಿ ಗೆದ್ದವನು ಅದರಲ್ಲಿದ್ದಾನೆ. ಮೊದಲ ಯತ್ನದಲ್ಲಿ ಗೆದ್ದವನಿಗೆ ಹಾರ ಹಾಕಿದ ಸಂಘ ಇವನನ್ನು ‘ಅಂತೂ ಆಯಿತಲ್ಲ’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತದೆ. ಪತಿಯ ಅಂಗಡಿ ಮುಚ್ಚಿದ ಮೇಲೆ ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಕಂದಮೂಲವಿಲ್ಲದ ಅಡುಗೆಯ ಡಬ್ಬಿ ಕಳುಹಿಸುತ್ತ ಇಬ್ಬರು ಮಕ್ಕಳನ್ನು ಓದಿಸಿದ ಗೃಹಿಣಿ ಅದರಲ್ಲಿದ್ದಾಳೆ. ಬಸದಿಯಲ್ಲಿ ಬೆಳಿಗ್ಗೆ ಅಭಿಷೇಕ ಮುಗಿಸಿ, ಹಗಲು ಗುಮಾಸ್ತೆಗಿರಿ ಮಾಡಿ, ರಾತ್ರಿ ಹಳೆಗನ್ನಡ ಓಲೆಗರಿಗಳ ಲಿಪ್ಯಂತರ ಮಾಡುವ ಪುರೋಹಿತರ ಮಗ ಅದರಲ್ಲಿದ್ದಾನೆ. ಇವರಾರೂ ಅರ್ಜಿ ಸಲ್ಲಿಸುವುದಿಲ್ಲ. ಸಲ್ಲಿಸಬಹುದಾದ ಅರ್ಜಿ ನಮೂನೆಯಲ್ಲಿ ಇವರ ಸಾಧನೆಗೆ ಕಾಲಮೂ ಇಲ್ಲ. ಮೂರು ನಾಲ್ಕು ವರ್ಷ ಸುಮ್ಮನೆ ಚಪ್ಪಾಳೆ ತಟ್ಟಿದ ಮೇಲೆ ಇಂಥ ಕುಟುಂಬಗಳು ಸಮಾರಂಭಕ್ಕೆ ಬರುವುದನ್ನು ನಿಲ್ಲಿಸುತ್ತವೆ. ಅನಂತರ ಬಸದಿಗೂ ಬರುವುದನ್ನು ನಿಲ್ಲಿಸುತ್ತವೆ. ಆಗ ಅದೇ ವೇದಿಕೆಯ ಮೇಲೆ ‘ಯುವಜನರು ಸಮಾಜದಿಂದ ದೂರವಾಗುತ್ತಿದ್ದಾರೆ’ ಎಂಬ ಅಧ್ಯಕ್ಷೀಯ ಭಾಷಣ ನಡೆಯುತ್ತದೆ.

ಆರತಿ ತಟ್ಟೆ ಹಿಡಿದವರು

2001ರ ಜನಗಣತಿಯ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಆಗ ಜೈನ ಮಹಿಳೆಯರ ಸಾಕ್ಷರತೆ ಶೇಕಡಾ 90.6, ದೇಶದ ಧಾರ್ಮಿಕ ಸಮುದಾಯಗಳಲ್ಲಿಯೇ ಅತ್ಯಧಿಕ. ಅದೇ ಗಣತಿಯಲ್ಲಿ ದುಡಿಮೆಯಲ್ಲಿ ತೊಡಗಿದ ಜೈನ ಮಹಿಳೆಯರ ಪ್ರಮಾಣ ಶೇಕಡಾ 9.2, ಪ್ರಮುಖ ಧಾರ್ಮಿಕ ಸಮುದಾಯಗಳಲ್ಲಿಯೇ ಅತ್ಯಲ್ಪ. ಹೆಣ್ಣುಮಕ್ಕಳನ್ನು ಎಲ್ಲರಿಗಿಂತ ಹೆಚ್ಚು ಓದಿಸಿ, ಎಲ್ಲರಿಗಿಂತ ಹೆಚ್ಚಾಗಿ ಮನೆಯಲ್ಲಿ ಕೂರಿಸಿದ ಸಮಾಜವಿದು. ಇದಕ್ಕೆ ಕಾರಣಗಳು ಹಲವು. ಆದರೆ ಸನ್ಮಾನದ ವೇದಿಕೆ ಅವುಗಳನ್ನು ವರ್ಷವರ್ಷವೂ ಗಟ್ಟಿ ಮಾಡುತ್ತದೆ. ಹತ್ತನೆಯ ತರಗತಿಯಲ್ಲಿ ಹಾರ ಪಡೆಯುವ ಸಾಲಿನಲ್ಲಿ ಹುಡುಗಿಯರೇ ಹೆಚ್ಚು. ಇಪ್ಪತ್ತು ವರ್ಷದ ಅನಂತರ ‘ಸಾಧಕರು’ ಎಂಬ ಸಾಲಿನಲ್ಲಿ ಅವರಲ್ಲಿ ಒಬ್ಬಿಬ್ಬರು. ಉಳಿದವರು ಅದೇ ವೇದಿಕೆಯಲ್ಲಿ ಆರತಿ ತಟ್ಟೆ ಹಿಡಿದು ಅತಿಥಿಗಳನ್ನು ಬರಮಾಡಿಕೊಳ್ಳುತ್ತಿರುತ್ತಾರೆ. ನಡುವಿನ ಇಪ್ಪತ್ತು ವರ್ಷದಲ್ಲಿ ಏನಾಯಿತೆಂದು ಸಂಘ ಒಮ್ಮೆಯೂ ವಿಚಾರಿಸಿರುವುದಿಲ್ಲ.

ವಿಚಾರಿಸದೆ ಬಿಟ್ಟವರ ಜೊತೆಗೆ, ಗೊತ್ತಿದ್ದೂ ಬಿಟ್ಟವರಿದ್ದಾರೆ. ಹೊರಗಿನ ಸಮುದಾಯದಲ್ಲಿ ಮದುವೆಯಾದ ಮಗ ವಿದೇಶದಲ್ಲಿ ದೊಡ್ಡ ಹುದ್ದೆಗೇರಿದರೆ ಸಂಘದ ಸ್ಮರಣ ಸಂಚಿಕೆಯಲ್ಲಿ ಅವನ ಭಾವಚಿತ್ರ ಬರುತ್ತದೆ. ಅದೇ ರೀತಿ ಮದುವೆಯಾದ ಮಗಳು ವೈದ್ಯೆಯಾಗಲಿ, ನ್ಯಾಯಾಧೀಶೆಯಾಗಲಿ, ಅವಳ ಹೆಸರು ಸದಸ್ಯರ ಪಟ್ಟಿಯಿಂದಲೇ ಅಳಿಸಿಹೋಗಿರುತ್ತದೆ. ಅವಳ ತಾಯಿ ಸಭೆಗೆ ಬಂದು, ಬೇರೆಯವರ ಮಕ್ಕಳಿಗೆ ಚಪ್ಪಾಳೆ ತಟ್ಟಿ, ಊಟ ಮುಗಿಸಿ ಹೋಗುತ್ತಾಳೆ. ಇದನ್ನು ಪರಂಪರೆಯ ರಕ್ಷಣೆ ಎಂದು ಕರೆಯುವವರು ಮಗನಿಗೊಂದು, ಮಗಳಿಗೊಂದು ತಕ್ಕಡಿ ಇಟ್ಟ ಪರಂಪರೆ ಯಾವುದೆಂದು ಹೇಳಬೇಕಾಗುತ್ತದೆ. ಚತುರ್ವಿಧ ಸಂಘದಲ್ಲಿ ಆರ್ಯಿಕೆಗೂ ಶ್ರಾವಿಕೆಗೂ ಸ್ಥಾನವಿತ್ತ ಧರ್ಮದಲ್ಲಿ ಆ ತಕ್ಕಡಿಗೆ ಆಧಾರ ಸಿಗುವುದಿಲ್ಲ.

ಲೆಕ್ಕದ ಪುಸ್ತಕ ಹೇಳುವ ಸತ್ಯ

ಭಾಷಣ ಸುಳ್ಳು ಹೇಳಬಹುದು. ಜಮಾಖರ್ಚಿನ ಪತ್ರ ಅಷ್ಟು ಸುಲಭವಾಗಿ ಹೇಳುವುದಿಲ್ಲ. ಒಂದು ಮಧ್ಯಮ ಗಾತ್ರದ ಸಮಾರಂಭದ ಲೆಕ್ಕವನ್ನು ಉದಾಹರಣೆಗೆ ಹೀಗೆ ಹಾಕಿ ನೋಡಬಹುದು. ಸಭಾಂಗಣದ ಬಾಡಿಗೆ, ವೇದಿಕೆಯ ಅಲಂಕಾರ, ಧ್ವನಿವರ್ಧಕ, ಛಾಯಾಗ್ರಹಣ, ಆಮಂತ್ರಣ ಪತ್ರಿಕೆ, ಶಾಲು ಹಾರ ಸ್ಮರಣಿಕೆ, ನಾನೂರು ಜನರ ಊಟ ಸೇರಿ ನಾಲ್ಕು ಲಕ್ಷ ರೂಪಾಯಿ. ಐವತ್ತು ಮಕ್ಕಳಿಗೆ ತಲಾ ಒಂದು ಸಾವಿರದ ಲಕೋಟೆ, ಒಟ್ಟು ಐವತ್ತು ಸಾವಿರ. ಖರ್ಚಾದ ಒಂಬತ್ತು ರೂಪಾಯಿಯಲ್ಲಿ ಮಗುವಿನ ಕೈ ಸೇರಿದ್ದು ಒಂದು. ಆದರೂ ವಾರ್ಷಿಕ ವರದಿಯಲ್ಲಿ ಪೂರ್ತಿ ನಾಲ್ಕೂವರೆ ಲಕ್ಷ ‘ಶೈಕ್ಷಣಿಕ ನೆರವು’ ಎಂಬ ಒಂದೇ ತಲೆಬರಹದ ಕೆಳಗೆ ಕುಳಿತರೆ, ಸದಸ್ಯರ ಕಣ್ಣಿಗೆ ಅದು ದೊಡ್ಡ ನೆರವಾಗಿಯೇ ಕಾಣುತ್ತದೆ. ಸಮಾರಂಭದ ಖರ್ಚು ಮತ್ತು ವಿದ್ಯಾರ್ಥಿಗೆ ತಲುಪಿದ ಹಣ ಎಂಬ ಎರಡು ಪ್ರತ್ಯೇಕ ಸಾಲುಗಳನ್ನು ಬರೆಯಲು ಯಾವ ಕಾನೂನೂ ಅಡ್ಡಿ ಮಾಡುವುದಿಲ್ಲ. ಅಡ್ಡಿಯಾಗುವುದು ಸಂಕೋಚ.

ಇನ್ನೊಂದು ವಿಚಿತ್ರವೂ ಈ ಪುಸ್ತಕಗಳಲ್ಲಿ ಕಾಣುತ್ತದೆ. ವೇದಿಕೆಯಲ್ಲಿ ಘೋಷಣೆಯಾದ ದೇಣಿಗೆಗೆ ಆ ಕ್ಷಣದಲ್ಲಿಯೇ ಶಾಲು ಹೊದಿಸಲಾಗುತ್ತದೆ. ಹಣ ಮಾತ್ರ ಮೂರು ವರ್ಷದ ಮೇಲೂ ‘ಬರಬೇಕಾದ ಬಾಕಿ’ಯಾಗಿ ಉಳಿದಿರುತ್ತದೆ. ಕೇಳುವ ಧೈರ್ಯ ಖಜಾಂಚಿಗಿಲ್ಲ. ಮರೆತವರಿಗೆ ಮರುವರ್ಷ ಮತ್ತೊಂದು ಶಾಲು. ಕೊಡದ ಹಣಕ್ಕೆ ಕೊಟ್ಟ ಗೌರವವನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ದಾನಿಗಳನ್ನು ಗೌರವಿಸಬಾರದೆಂದಲ್ಲ, ದಾನವಿಲ್ಲದೆ ಸಂಘ ನಡೆಯುವುದಿಲ್ಲ. ಆದರೆ ದಾನಿಗೆ ರಸೀದಿ ಇದೆ, ತೆರಿಗೆಯ ರಿಯಾಯಿತಿ ಇದೆ, ಗೋಡೆಯ ಮೇಲೆ ಅಮೃತಶಿಲೆಯ ಫಲಕವಿದೆ. ಇವೆಲ್ಲದರ ಮೇಲೆ ಮಕ್ಕಳ ಎರಡು ಗಂಟೆಯೂ ಅವರಿಗೇ ಬೇಕೇ?

ಶ್ರೀಮಂತಿಕೆಯ ಪ್ರದರ್ಶನಕ್ಕೆ ತೆತ್ತ ಬೆಲೆ

ಈ ಪ್ರದರ್ಶನಕ್ಕೆ ರಾಜಕೀಯವಾದ ಬೆಲೆಯೂ ಇದೆ. 2011ರ ಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಜನಸಂಖ್ಯೆಯ ಶೇಕಡಾ ಅರ್ಧಕ್ಕೂ ಕಡಿಮೆ. ಮತಗಳ ಲೆಕ್ಕದಲ್ಲಿ ತೂಕವಿಲ್ಲದ ಸಮಾಜ ಹಣದ ತೂಕವನ್ನು ತೋರಿಸಿ ರಾಜಕಾರಣಿಗಳನ್ನು ವೇದಿಕೆಗೆ ಕರೆತರುತ್ತದೆ. ಬಂದವರು ಪ್ರತಿಸಲವೂ ಒಂದೇ ಮಾತನ್ನಾಡುತ್ತಾರೆ: ಜೈನರು ಕೊಡುವವರೇ ಹೊರತು ಬೇಡುವವರಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತದ್ದು ದೀರ್ಘ ಹೋರಾಟದ ಫಲ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಸೀಮಿತಗೊಳಿಸಿದಾಗ, ಸಂಶೋಧನೆಗೆ ನೀಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಿದಾಗ, ಬೆಳಗಾವಿ ಸೀಮೆಯ ಒಣಭೂಮಿಯ ಜೈನ ರೈತನ ಮಗಳಿಗೂ ನಷ್ಟವಾಯಿತು. ಆದರೆ ಅವಳ ಪರವಾಗಿ ಮಾತನಾಡಲು ಮೊದಲು ಅವಳು ಇದ್ದಾಳೆಂದು ಒಪ್ಪಿಕೊಳ್ಳಬೇಕಿತ್ತು. ವೇದಿಕೆಯ ಮೇಲೆ ಕಾಣದವರು ಮನವಿ ಪತ್ರದಲ್ಲಿಯೂ ಕಾಣುವುದಿಲ್ಲ.

ಮಾಡಬಹುದಾದದ್ದು

ಹುಡುಕಲು ಹೊರಟರೆ ಪಕ್ಷಪಾತಕ್ಕೆ ಎಡೆಯಾಗುತ್ತದೆ, ಪಂಚಮ ಚತುರ್ಥ ಎಂಬ ಹಳೆಯ ಒಳಪಂಗಡಗಳ ಜಗಳ ಮತ್ತೆ ಏಳುತ್ತದೆ ಎಂಬ ಭಯಕ್ಕೆ ಉತ್ತರ ಇದೆ. ಪ್ರತಿ ನಗರದ ಸಂಘವೂ ಕಾರ್ಯಕಾರಿ ಸಮಿತಿಗೆ ಸೇರದ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಎರಡು ವರ್ಷದ ಅವಧಿಗೆ ಈ ಕೆಲಸಕ್ಕೆ ನೇಮಿಸಲಿ. ಯಾರೂ ತಮ್ಮ ಅಥವಾ ತಮ್ಮ ಮನೆಯವರ ಹೆಸರನ್ನು ಸೂಚಿಸುವಂತಿಲ್ಲ. ಪ್ರತಿಯೊಂದು ಕುಟುಂಬವೂ ಬೇರೊಂದು ಕುಟುಂಬದ ಒಬ್ಬರ ಹೆಸರನ್ನು, ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು ಸೂಚಿಸಬೇಕು ಎಂಬ ಒಂದೇ ನಿಯಮ ಸಾಕು. ಪ್ರಮೋದ ಭಾವನೆಯ ಅಭ್ಯಾಸಕ್ಕೆ ಇದಕ್ಕಿಂತ ಸರಳ ಸಾಧನವಿಲ್ಲ. ಇನ್ನೊಬ್ಬರ ಮನೆಯ ಒಳ್ಳೆಯದನ್ನು ನಾಲ್ಕು ಸಾಲು ಬರೆಯಲಾರದವರಿಗೆ ತಮ್ಮ ಮಗುವಿಗೆ ಹಾರ ಕೇಳುವ ಹಕ್ಕಾದರೂ ಎಲ್ಲಿಂದ ಬಂತು?

ಹೆಸರು ಸಿಕ್ಕ ಮೇಲೆ ಆ ವ್ಯಕ್ತಿಯ ಒಪ್ಪಿಗೆ ಕೇಳಬೇಕು. ತನ್ನ ಕಷ್ಟ ಸಭೆಯ ಮುಂದೆ ಬಿಚ್ಚಿಡುವುದು ಬೇಡವೆನ್ನುವವರ ಮನೆಗೆ ಇಬ್ಬರು ಹಿರಿಯರು ಹೋಗಿ, ಕುಳಿತು, ಕೇಳಿ, ಸಂತೋಷ ಹೇಳಿ ಬಂದರೂ ಅದು ಸನ್ಮಾನವೇ. ಐದು ಯತ್ನಗಳಲ್ಲಿ ಗೆದ್ದವನನ್ನು ಎರಡನೆಯ ಯತ್ನದಲ್ಲಿ ಸೋತವನೊಂದಿಗೆ ಕೂರಿಸಿದರೆ ಸ್ಥಿತಿಕರಣವಾಗುತ್ತದೆ. ಸಮಾಜದ ಲೆಕ್ಕಪರಿಶೋಧಕರು, ವಕೀಲರು, ಉದ್ಯಮಿಗಳು ವರ್ಷಕ್ಕೊಬ್ಬ ಅಪರಿಚಿತ ಕುಟುಂಬದ ವಿದ್ಯಾರ್ಥಿಗೆ ತಮ್ಮ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಅಥವಾ ತರಬೇತಿ ಕೊಟ್ಟರೆ ಉಪಬೃಂಹಣವಾಗುತ್ತದೆ. ಹೊರಗೆ ಮದುವೆಯಾದ ಮಗಳ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಲು ಒಂದು ಲೇಖನಿ ಸಾಕು. ಮರುವರ್ಷದ ಸಭೆಯಲ್ಲಿ ಹೊಸ ಹೆಸರುಗಳನ್ನು ಓದುವ ಮೊದಲು, ಹಿಂದಿನ ವರ್ಷ ಹಾರ ಪಡೆದವರು ಈಗ ಎಲ್ಲಿದ್ದಾರೆ ಎಂಬುದನ್ನು ಕಾರ್ಯದರ್ಶಿಗಳು ಐದು ನಿಮಿಷ ಹೇಳಲಿ. ಹೇಳಲು ಏನೂ ಇಲ್ಲದಿದ್ದರೆ ಆ ಹಾರಗಳು ಹೂವಿನ ಖರ್ಚಷ್ಟೇ.

ಮತ್ತು ಕಾರ್ಯಕ್ರಮದ ಕ್ರಮವನ್ನು ತಿರುಗಿಸಲಿ. ಮೊದಲ ಎರಡು ಗಂಟೆ ಮಕ್ಕಳಿಗೆ, ಹುಡುಕಿ ತಂದ ಸಾಧಕರಿಗೆ. ಕಡೆಯ ಇಪ್ಪತ್ತು ನಿಮಿಷ ದಾನಿಗಳಿಗೆ ಮತ್ತು ಅತಿಥಿಗಳಿಗೆ. ಅಡುಗೆಯವರು ಬಾಗಿಲಲ್ಲಿ ಸನ್ನೆ ಮಾಡಿದಾಗ ಮೊಟಕಾಗುವುದು ಯಾರ ಭಾಗವೆಂಬುದರಿಂದ ಸಂಘಕ್ಕೆ ಯಾರು ಮುಖ್ಯರೆಂಬುದು ತಿಳಿಯುತ್ತದೆ. ಇದಕ್ಕೆ ಒಪ್ಪುವ ದಾನಿಗಳು ಖಂಡಿತ ಇದ್ದಾರೆ. ಒಪ್ಪದವರ ದೇಣಿಗೆ ದಾನವೋ ವೇದಿಕೆಯ ಬಾಡಿಗೆಯೋ ಎಂಬುದು ಆಗ ತಾನಾಗಿ ತೀರ್ಮಾನವಾಗುತ್ತದೆ.

ಮುಂದಿನ ಮಹಾವೀರ ಜಯಂತಿಯ ಆಮಂತ್ರಣ ಪತ್ರಿಕೆ ಮುದ್ರಣಕ್ಕೆ ಹೋಗುವ ಮೊದಲು ಪ್ರತಿಯೊಂದು ಸಂಘದ ಪದಾಧಿಕಾರಿಗಳೂ ಅದರ ಕರಡನ್ನು ಮೇಜಿನ ಮೇಲಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇಲ್ಲಿರುವ ಹೆಸರುಗಳಲ್ಲಿ, ಸಂಘ ಹುಡುಕದೆ ಇದ್ದಿದ್ದರೆ ಯಾರಿಗೂ ತಿಳಿಯದೇ ಹೋಗುತ್ತಿದ್ದ ಹೆಸರು ಯಾವುದು? ಅಂಥದೊಂದು ಹೆಸರೂ ಇಲ್ಲವಾದರೆ ಆ ಪತ್ರಿಕೆಯನ್ನು ಮುದ್ರಿಸುವ ಅಗತ್ಯವಿಲ್ಲ. ಅದರಲ್ಲಿರುವವರೆಲ್ಲ ಪರಸ್ಪರ ಪರಿಚಿತರೇ. ಒಂದು ಹೆಸರು ಇದ್ದರೆ, ಅದನ್ನು ಮೊದಲ ಸಾಲಿನಲ್ಲಿ ಮುದ್ರಿಸಿ, ಗುಂಪಿನ ಹಿಂದೆ ನಿಂತ ಆ ವ್ಯಕ್ತಿಗೆ ಮುಂದೆ ಬರಲು ದಾರಿ ಬಿಡಲಿ.